ಕೊಕ್ಕರೆ ರೋಗ, ಹೊಸತೊಡಕು ಮತ್ತು ನನ್ನ ಶನಿವಾರದ ಹನಿ

ನಾಟಿ ಕೋಳಿ ಸಾಕುವವರಿಗೆ ಹೊಸತೊಡಕಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಕಾಳು ಹಾಕಿದ್ದಕ್ಕೆ ಯುಗಾದಿಯ ಮಾರನೇ ದಿನ, ಊರೆಲ್ಲ ಬಾಡೂಟ ಮಾಡುವಾಗ, ಕಾಸು ಕಾಣುತ್ತೇವೆ. ಕೋಳಿಗಳನ್ನು ಕೊಲ್ಲುವ ಹಾಳಾದ ಕೊಕ್ಕರೆ ರೋಗಕ್ಕೂ ಅದೇ ಕಾಲ ಬೇಕು. ಬಿಸಿಲೇರುತ್ತಿದ್ದ ಹಾಗೆ ಒಂದು ಊರಿನಲ್ಲಿ ಶುರುವಾದರೆ ಹಬ್ಬದ ಹೊತ್ತಿಗೆ ಸುತ್ತಲಿನ ಹತ್ತು ಊರು ಗುಡಿಸಿಕೊಂಡು ಹೋಗಿರುತ್ತದೆ.

ನಮ್ಮದು ನಾಗಮಂಗಲದ ಕಡೆ. 2017ರಲ್ಲಿ ಯುಗಾದಿಗೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ನನ್ನ ಹತ್ತಿರ ಸುಮಾರು 240 ಕೋಳಿ ಇದ್ದವು. ಹಬ್ಬದ ದಿನಕ್ಕೆ ಉಳಿದದ್ದು 60 ಚಿಲ್ಲರೆ. ಮೊದಲ ದಿನ ಎರಡು ಹೇಂಟೆ ಪುಕ್ಕ ಕೆದರಿಕೊಂಡು ಮೂಲೆಯಲ್ಲಿ ತೂಕಡಿಸುತ್ತಿದ್ದವು. ಮಾರನೇ ದಿನ ಹಸಿರು ಹಿಕ್ಕೆ. ಮೂರನೇ ದಿನ ಕತ್ತು ಮೇಲಕ್ಕೆ ಚಾಚಿ, ಬಾಯಿ ಬಿಟ್ಟು, ಉಸಿರಿಗೆ ಒದ್ದಾಟ. ಒಂದು ಒಳ್ಳೆ ಹುಂಜ, ಮೂರು ಕೆಜಿ ತೂಗುತ್ತಿತ್ತು, ಕತ್ತು ತಿರುಚಿಕೊಂಡು ಆಕಾಶ ನೋಡುತ್ತಾ ಸುತ್ತಿದ ಕಡೆಯೇ ಸುತ್ತುತ್ತಿತ್ತು. ಲೆಕ್ಕ ಹಾಕಿದರೆ ಲಕ್ಷದ ಹತ್ತಿರ ಹತ್ತಿರ ಮಣ್ಣಿಗೆ ಹೋಯಿತು.

ಒಂದು ತಪ್ಪೊಪ್ಪಿಗೆ. ರೋಗ ಶುರುವಾದ ಎರಡನೇ ದಿನ, ಇನ್ನೂ ಓಡಾಡಿಕೊಂಡಿದ್ದ 20 ಕೋಳಿಯನ್ನು ಸಂತೆಗೆ ಒಯ್ದು ಅರ್ಧ ರೇಟಿಗೆ ಮಾರಿ ಬಂದೆ. ಅವು ಎಷ್ಟು ಮನೆಯ ಗೂಡು ಖಾಲಿ ಮಾಡಿದವೋ. ನನಗೆ ರೋಗ ಬಂದದ್ದೂ ಹಾಗೆಯೇ. ಅದರ ಹಿಂದಿನ ವಾರ ಸಂತೆಯಲ್ಲಿ ಬಿಕರಿಯಾಗದ ಆರು ಹುಂಜಗಳನ್ನು ವಾಪಸು ತಂದು ನೇರವಾಗಿ ಒಳಗೆ ಬಿಟ್ಟಿದ್ದೆ. ನಮ್ಮ ದೊಡ್ಡಪ್ಪ ಮಾತ್ರ ಬೇರೆಯೇ ಕಾರಣ ಹೇಳಿದರು: "ಮಾರಮ್ಮಂಗೆ ಹೋದ್ವರ್ಷ ಹುಂಜ ಬುಡ್ಲಿಲ್ಲ ನೀನು, ಅದ್ಕೇ ಕಣ್ಲಾ."

ಸತ್ತ ಎರಡು ಕೋಳಿಯನ್ನು ಚೀಲದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಕೊಯ್ದು ತೋರಿಸಿದರು. ಕಲ್ಲು ಅರೆಯುವ ಹೊಟ್ಟೆಗಿಂತ ಸ್ವಲ್ಪ ಮೇಲೆ ಇನ್ನೊಂದು ಚಿಕ್ಕ ಹೊಟ್ಟೆ ಇರುತ್ತದಲ್ಲ, ಅದರ ಒಳಗೋಡೆಯ ಮೇಲೆ ಗುಂಡುಸೂಜಿ ಚುಚ್ಚಿದ ಹಾಗೆ ಕೆಂಪು ಚುಕ್ಕಿ. "ರಾಣಿಖೇತ್" ಅಂದರು, ನಾವು ಕೊಕ್ಕರೆ ರೋಗ ಅನ್ನುವುದಕ್ಕೇ. ಯಾವುದೋ ರಾಣಿಯ ಹೆಸರು ಇರಬೇಕು ಅಂದುಕೊಂಡಿದ್ದೆ. ಅದು ಉತ್ತರಾಖಂಡದ ಕುಮಾವು ಬೆಟ್ಟದ ಊರಂತೆ, ನಮ್ಮ ದೇಶದಲ್ಲಿ 1920ರ ದಶಕದ ಕೊನೆಯಲ್ಲಿ ರೋಗ ಗುರುತಿಸಿದ್ದು ಅಲ್ಲಿ. ನಾವು ರೆಕ್ಕೆಗೆ ಚುಚ್ಚುವ ಆರ್‌2ಬಿ ಲಸಿಕೆ ಕೂಡ ಅದೇ ಕುಮಾವಿನ ಮುಕ್ತೇಶ್ವರದ್ದು. ರೋಗದ ಹೆಸರು, ಮದ್ದು ಎರಡೂ ಒಂದೇ ಬೆಟ್ಟದ ಸಾಲಿನಿಂದ ನಾಗಮಂಗಲಕ್ಕೆ ಬಂದು ಸೇರಿವೆ.

ಸರಿ, 2018ರಲ್ಲಿ ಲಸಿಕೆ ಹಾಕಿದೆ. ಆದರೂ ನೂರಕ್ಕೆ ನಲವತ್ತು ಸತ್ತವು. "ಲಸಿಕೆ ಹಾಕಿದ್ಮೇಲೇ ಸತ್ತಿದ್ದು" ಅಂತ ಊರೆಲ್ಲ ಮಾತು. ನಾನೂ ಒಂದಷ್ಟು ದಿನ ಹಾಗೇ ನಂಬಿದ್ದೆ. ಎಡವಿದ್ದು ಎಲ್ಲೆಲ್ಲಿ ಅಂತ ಗೊತ್ತಾಗೋಕೆ ಎರಡು ವರ್ಷ ಹಿಡಿಯಿತು.

ಮೊದಲನೆಯದು ಸೀಸೆ. ಒಂದು ಅಂಗಡಿಯಲ್ಲಿ ತೆಗೆದುಕೊಂಡು ಅಂಗಿ ಜೇಬಿನಲ್ಲಿಟ್ಟು, ಬಸ್ಸಿನಲ್ಲಿ ಒಂದೂವರೆ ಗಂಟೆ, ಏಪ್ರಿಲ್ ಬಿಸಿಲಿನಲ್ಲಿ. ಮನೆಗೆ ಬಂದಾಗ ಸೀಸೆ ಬೆಚ್ಚಗಿತ್ತು. ಜೀವಂತ ವೈರಸ್ಸಿರುವ ಲಸಿಕೆ, ಎಂಟು ಡಿಗ್ರಿ ದಾಟಬಾರದು. ನಾನು ಹಾಕಿದ್ದು ಬಹುಶಃ ಬರೀ ನೀರು.

ಎರಡನೆಯದು ನೀರಿನದೇ. ರೋಗ ಬಾರದಿರಲಿ ಅಂತ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದೆ. ಅದೇ ತೊಟ್ಟಿಯ ನೀರಿಗೆ ಲಸೋಟ ಅನ್ನುವ ಇದೇ ರೋಗದ ಇನ್ನೊಂದು ಲಸಿಕೆ ಬೆರೆಸಿ ಕುಡಿಯಲು ಇಟ್ಟೆ. ರೋಗದ ವೈರಸ್ಸಿಗೆ ಅಂತ ಹಾಕಿದ ಪುಡಿ ಲಸಿಕೆಯ ವೈರಸ್ಸನ್ನು ಮುಗಿಸಿತ್ತು. ಈಗಲೂ ನೀರಿನಲ್ಲೇ ಕೊಡುವವರಿದ್ದರೆ ಬೋರ್‌ವೆಲ್ ನೀರಿಗೆ ಲೀಟರಿಗೆ ಐದಾರು ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಹಾಕಿ ಕೊಡಿ.

ಮೂರನೆಯದು 2019ರ ಆತುರ. ಫೆಬ್ರವರಿ ಬಂತು ಅಂತ ಒಂದು ತಿಂಗಳ ಮರಿಗಳಿಗೂ ಆರ್‌2ಬಿ ಚುಚ್ಚಿಬಿಟ್ಟೆ. ಎಂಟು ವಾರ ತುಂಬದ ಮರಿ ಅದನ್ನು ತಡೆದುಕೊಳ್ಳಲ್ಲ. 30 ಮರಿಗಳಲ್ಲಿ ಹನ್ನೊಂದೋ ಹನ್ನೆರಡೋ ಕಾಲೆಳೆದು ಬಿದ್ದವು. ಅದರ ಮೇಲೆ ಒಂದೇ ಸೂಜಿಯಲ್ಲಿ ಎಲ್ಲವಕ್ಕೂ ಚುಚ್ಚಿದ್ದೆ. ಒಳಗೇ ರೋಗ ಇದ್ದ ಒಂದು ಕೋಳಿ ಸಾಲಿನಲ್ಲಿ ನಿಂತಿದ್ದರೆ ನಾವೇ ಕೈಯಾರೆ ಹಂಚಿದ ಹಾಗೆ. ರೋಗ ಹಟ್ಟಿಗೆ ಬಂದ ಮೇಲೆ ಸೂಜಿ ಹಿಡಿಯುವವರು ಇದನ್ನು ಯೋಚಿಸಿ.

ಈರುಳ್ಳಿ, ಬೆಳ್ಳುಳ್ಳಿ, ಅರಿಶಿನ, ಮಜ್ಜಿಗೆ ಎಲ್ಲ ಮಾಡಿದ್ದೇನೆ. ಒಂದು ಸಲ ಯಾರೋ ಹೇಳಿದರು ಅಂತ ಸಾರಾಯಿ ಕೂಡ ಕುಡಿಸಿದೆ. ಕೋಳಿ ಸತ್ತಿತು, ಸಾಯುವ ಮುಂಚೆ ಸ್ವಲ್ಪ ಕುಣಿಯಿತು, ಅಷ್ಟೆ.

ನೀರಿನಲ್ಲಿ ಕೊಡುವುದನ್ನು ನಾನು ಪೂರ್ತಿ ಬಿಟ್ಟಿದ್ದಕ್ಕೆ ಒಂದು ಕಾರಣ ಇದೆ. ಮಗಳ ಹುಟ್ಟುಹಬ್ಬಕ್ಕೆ ತಂದ ಕೇಕಿನ ನೀಲಿ ಬಣ್ಣ ಅರ್ಧ ಸೀಸೆ ಉಳಿದಿತ್ತು. ಒಂದು ಬೆಳಿಗ್ಗೆ ಎರಡು ಗಂಟೆ ನೀರು ತಪ್ಪಿಸಿ, ಲಸಿಕೆ ಇಲ್ಲದ ಬರೀ ನೀಲಿ ನೀರು ಇಟ್ಟೆ. ಒಂದು ಗಂಟೆ ಆದಮೇಲೆ ಒಂದೊಂದೇ ಕೋಳಿ ಹಿಡಿದು ಕೊಕ್ಕು ಬಿಡಿಸಿ ನಾಲಿಗೆ ನೋಡಿದೆ. ದೊಡ್ಡ ಹುಂಜಗಳ ನಾಲಿಗೆ ಶಾಯಿ ಕುಡಿದ ಹಾಗೆ. ತಳ್ಳಿಸಿಕೊಳ್ಳುವ ಚಿಕ್ಕ ಹೇಂಟೆಗಳದು ಗುಲಾಬಿ ಬಣ್ಣಕ್ಕೇ ಇತ್ತು. ಹತ್ತರಲ್ಲಿ ನಾಲ್ಕಕ್ಕೆ ನೀಲಿಯೇ ಇಲ್ಲ. ನೂರಕ್ಕೆ ನಲವತ್ತು ಸತ್ತ ಲೆಕ್ಕವೂ ನೆನಪಾಯಿತು. ಹಾಗೇ ತಾಳೆ ಹಾಕಬಾರದು ನಿಜ, ಆದರೂ ಅವತ್ತೇ ತೀರ್ಮಾನ ಮಾಡಿದೆ: ಪ್ರತಿ ಕೋಳಿಯ ಕಣ್ಣಿಗೆ ನನ್ನ ಕೈಯಿಂದಲೇ ಹನಿ.

"ಮುನ್ನೂರು ಕೋಳಿ ಹಿಡ್ದು ಕಣ್ಣಿಗೆ ಮದ್ದು ಬುಡ್ತಾನಂತೆ" ಅಂತ ಟೀ ಅಂಗಡಿಯಲ್ಲಿ ನಕ್ಕರು. ಕಷ್ಟವೇ. ಡ್ರಾಪರಿನದೇ ಒಂದು ಕಥೆ. ನೂರು ಡೋಸಿನ ಸೀಸೆಗೆ ನೂರು ಹನಿ ಬರಬೇಕು. ನನ್ನ ಮೊದಲ ಡ್ರಾಪರ್ 70 ಚಿಲ್ಲರೆಗೇ ಮುಗಿಸಿಬಿಟ್ಟಿತು. ಈಗ ಹೊಸ ಡ್ರಾಪರ್ ತಂದರೆ ಮೊದಲು ನೀರು ಹಾಕಿ ಹನಿ ಎಣಿಸುತ್ತೇನೆ. ಹನಿ ಬಿಟ್ಟ ಕೂಡಲೇ ಕೋಳಿಯನ್ನು ಬಿಡಬಾರದು. ಅದು ಒಂದು ಸಲ ಕಣ್ಣು ಮಿಟುಕಿಸಿ ಹನಿ ಒಳಗೆ ಇಳಿಯುವ ತನಕ ಹಿಡಿದಿರಬೇಕು. ಕೊಡವಿಕೊಂಡರೆ ಇನ್ನೊಂದು ಹನಿ. ಬೆರೆಸಿದ ಎರಡು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಅದಕ್ಕೆ ಕತ್ತಲಲ್ಲೇ ಹಿಡಿಯುತ್ತೇನೆ, ಟಾರ್ಚಿಗೆ ಒಂದು ಬಣ್ಣದ ಕಾಗದ ಸುತ್ತಿ. ಕೋಳಿ ಮಿಸುಕುವುದೇ ಇಲ್ಲ. ಯಾವ ಬಣ್ಣ ಅಂತ ಹೇಳಲ್ಲ, ನಾಲ್ಕು ಕಾಗದ ಸುತ್ತಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಮರಿಗೆ ಏಳನೇ ದಿನದೊಳಗೆ ಒಂದು ಹನಿ, 28ರ ಆಸುಪಾಸು ಇನ್ನೊಂದು, ಎಂಟು ಹತ್ತು ವಾರಕ್ಕೆ ರೆಕ್ಕೆಗೆ ಆರ್‌2ಬಿ. ಅದಕ್ಕೆ ಒಂದು ವಾರ ಮುಂಚೆ ಜಂತುಹುಳದ ಮದ್ದು. ದೊಡ್ಡವಕ್ಕೆ ಪ್ರತಿ ಜನವರಿಯಲ್ಲಿ ಇನ್ನೊಮ್ಮೆ ಲಸಿಕೆ.

ಒಂದು ಸಲ ಹನಿ ಸಿಡಿದು ನನ್ನ ಕಣ್ಣಿಗೇ ಬಿತ್ತು. ಮೂರು ದಿನ ಕಣ್ಣು ಕೆಂಡ. ಡಾಕ್ಟರಿಗೆ ಹೇಳಿದರೆ, "ನಿನಗಿನ್ನು ಕೊಕ್ಕರೆ ರೋಗ ಬರಲ್ಲ ಬಿಡು" ಅಂತ ನಕ್ಕರು. ಈಗ ಕನ್ನಡಕ ಹಾಕಿಕೊಳ್ಳುತ್ತೇನೆ.

ಲಸಿಕೆ ಅರ್ಧ ಕೆಲಸ. ಉಳಿದರ್ಧ ಬಾಗಿಲು. ನಮ್ಮ ವ್ಯಾಪಾರಿ ಊರೂರು ಸುತ್ತಿ ಅದೇ ಕುಕ್ಕೆ, ಅದೇ ಚಪ್ಪಲಿಯಲ್ಲಿ ಗೂಡಿನೊಳಗೇ ಬಂದು ಕೋಳಿ ಎತ್ತಿ ತೂಕ ನೋಡುತ್ತಿದ್ದ. ಈಗ ಹುಣಸೆಮರದ ಕೆಳಗೆ ನಿಲ್ಲುತ್ತಾನೆ, ತಕ್ಕಡಿಯೂ ಅಲ್ಲೇ. ನಾನೇ ಕೋಳಿ ತಂದುಕೊಡುತ್ತೇನೆ, ಮರದ ತನಕ ಹೋದ ಕೋಳಿ ರೇಟು ಕುದುರದಿದ್ದರೆ ಒಳಗೆ ವಾಪಸು ಬರಲ್ಲ. ಅವನಿಗೆ ಇದು ಗೊತ್ತಾಗಿ ಮೊದಮೊದಲು ಹತ್ತಿಪ್ಪತ್ತು ರೂಪಾಯಿ ಕಮ್ಮಿಯೇ ಕೇಳಿದ. ಆ ನಷ್ಟ ನುಂಗಿದೆ. ಗೂಡಿಗೆ ಅಂತಲೇ ಒಂದು ಜೊತೆ ರಬ್ಬರ್ ಚಪ್ಪಲಿ ಬಾಗಿಲ ಒಳಗೆ ಇದೆ, ಅದು ಹೊರಗೆ ಬರುವುದಿಲ್ಲ. ಹಳೇ ಗೋಣಿಚೀಲ, ಹಳೇ ಮೊಟ್ಟೆ ಟ್ರೇ ಪುಕ್ಕಟೆ ಕೊಟ್ಟರೂ ಬೇಡ.

ಹೊಸ ಕೋಳಿ ತಂದರೆ ನಲವತ್ತು ಹೆಜ್ಜೆ ದೂರದ ಹಳೇ ಹುಲ್ಲಿನ ಮನೆಯಲ್ಲಿ 21 ದಿನ. ಅದರ ನೀರಿನ ಬೋಗುಣಿ ಬೇರೆ, ಕಾಳು ಹಾಕುವುದು ಕೊನೆಯಲ್ಲಿ. ಜೊತೆಗೆ ನನ್ನದೇ ಹಟ್ಟಿಯ, ಲಸಿಕೆ ಹಾಕದ ಎರಡು ಮರಿ ಬಿಡುತ್ತೇನೆ. ಹೊಸ ಕೋಳಿ ಮೇಲ್ನೋಟಕ್ಕೆ ಗಟ್ಟಿಯಾಗಿದ್ದು ಒಳಗೆ ರೋಗ ಹೊತ್ತಿದ್ದರೆ ಮರಿ ಮೊದಲು ಹೇಳುತ್ತದೆ. ಕ್ರೂರ ಅನ್ನಿಸಬಹುದು. ಐದು ವರ್ಷದಲ್ಲಿ ಎರಡು ಸಲ ಮರಿ ಹಾಗೆ ಹೇಳಿದೆ. ಒಮ್ಮೆ ಸಂತೆಯಲ್ಲಿ ಎರಡೂವರೆ ಸಾವಿರ ಕೊಟ್ಟು ತಂದ ಅಸೀಲ್ ತಳಿಯ ಹುಂಜವನ್ನು ಮರಿಗಳ ಸಮೇತ ಮೂರಡಿ ಗುಂಡಿಗೆ ಹಾಕಿ ಸುಣ್ಣ ಸುರಿದೆ. ಹಳ್ಳಕ್ಕೆ ಎಸೆಯಬೇಡಿ. ನಾಯಿ ಎಳೆದು ಇನ್ನೊಬ್ಬರ ಹಿತ್ತಲಿಗೆ ಒಯ್ಯುತ್ತದೆ. ನಮ್ಮ ಊರಿನಲ್ಲಿ ಇದನ್ನು ಹೇಳಿ ಹೇಳಿ ಎರಡು ಮನೆಯವರ ಜೊತೆ ಮಾತು ಬಿಟ್ಟಿದೆ.

ಗುರುತಿಸುವುದರಲ್ಲಿ ನನ್ನದು ಕಣ್ಣಿಗಿಂತ ಕಿವಿ. ರಾತ್ರಿ ಒಂಬತ್ತಕ್ಕೆ ಟಾರ್ಚು ಆರಿಸಿ ಗೂಡಿನ ಪಕ್ಕ ಐದು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಆರೋಗ್ಯದ ಹಟ್ಟಿ ಮೌನವಾಗಿರುತ್ತದೆ. ಎಲ್ಲೋ ಒಂದು "ಗೊರ್ರ್" ಕೇಳಿದರೆ, ಹುಕ್ಕಾ ಎಳೆದ ಹಾಗೆ, ಬೆಳಿಗ್ಗೆ ಕಾಯುವುದಿಲ್ಲ, ಆಗಲೇ ಆ ಕೋಳಿ ಬೇರೆ. ಹನಿ ಹಾಕಿದ ಮೂರ್ನಾಲ್ಕು ದಿನ ಸೀನು, ಸಣ್ಣ ಗೊರಗೊರ ಬರುತ್ತದೆ, ಹೆದರಬೇಡಿ. ಬರೀ ಮುಖ ಊದಿ ವಾಸನೆ ಬಂದರೆ ಅದು ಬೇರೆ, ತಿಂಗಳುಗಟ್ಟಲೆ ಗೊರಗುಟ್ಟಿ ಸಾಯದೆ ಇದ್ದರೆ ಅದೂ ಬೇರೆ. ಗೊರಗೊರದ ಜೊತೆ ಹಸಿರು ಹಿಕ್ಕೆ ಸೇರಿದರೆ ಮಾತ್ರ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇನ್ನೊಂದು ಗುರುತು, ಮೊಳೆಗೆ ನೇತುಹಾಕಿದ ಮೊಟ್ಟೆ ಲೆಕ್ಕದ ಪುಸ್ತಕ. ದಿನಕ್ಕೆ 28, 30 ಬರುತ್ತಿದ್ದದ್ದು ಎರಡೇ ದಿನಕ್ಕೆ 17ಕ್ಕೆ ಇಳಿದು, ನಡುವೆ ಒಂದೆರಡು ತೊಗಲು ಮೊಟ್ಟೆ ಬಂದರೆ, ಕೋಳಿ ತೂಕಡಿಸುವ ಮುಂಚೆಯೇ ಪುಸ್ತಕ ಹೇಳಿರುತ್ತದೆ. ಜುಟ್ಟು ನೀಲಿಗಟ್ಟಿ ರಾತ್ರೋರಾತ್ರಿ ರಾಶಿ ಸತ್ತರೆ ಕೊಯ್ಯಲು ಹೋಗಬೇಡಿ, ಮುಟ್ಟದೆ ಡಾಕ್ಟರಿಗೆ ಫೋನು ಮಾಡಿ. ಅದು ಹಕ್ಕಿಜ್ವರ ಇರಬಹುದು.

ಹಕ್ಕಿಜ್ವರ ಅಂದಾಗ 2020 ನೆನಪಾಗುತ್ತದೆ. ಆ ವರ್ಷ ಮೊದಲ ಬಾರಿಗೆ ನನ್ನ ಹಟ್ಟಿಯಲ್ಲಿ ಒಂದೂ ಸಾಯಲಿಲ್ಲ, 260 ಕೋಳಿ ಗುಂಡುಗುಂಡಗೆ ಹಬ್ಬಕ್ಕೆ ರೆಡಿ. ಅಷ್ಟರಲ್ಲಿ ಕೋಳಿಯಿಂದ ಕೊರೋನಾ ಬರುತ್ತದೆ ಅಂತ ಪುಕಾರು, ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ, ಮಾರ್ಚ್ 25ಕ್ಕೆ ಯುಗಾದಿ, ಅವತ್ತಿನಿಂದಲೇ ಲಾಕ್‌ಡೌನ್. ಹೊಸತೊಡಕಿನ ದಿನ ಸಂತೆ ಮೈದಾನದಲ್ಲಿ ನಾಯಿ ಮಲಗಿತ್ತು. ರೋಗ ಗೆದ್ದ ವರ್ಷವೇ ಕೈಗೆ ಕಾಸು ಹತ್ತಲಿಲ್ಲ, ಕಾಳಿನ ಸಾಲ 30 ಸಾವಿರ ದಾಟಿತು.

ಒಂದು ಲಾಭ ಆಯಿತು. ಬೆಂಗಳೂರಿನಿಂದ ಬಂದ ಹುಡುಗರನ್ನು ಊರ ಶಾಲೆಯಲ್ಲಿ ಕೂಡಿಹಾಕಿದ ಮೇಲೆ, ನಾನು ಮೂರು ವರ್ಷ ಬಾಯಿ ಬಡಿದುಕೊಂಡರೂ ಅರ್ಥವಾಗದ್ದು ಎಲ್ಲರಿಗೂ ಒಂದೇ ವಾರದಲ್ಲಿ ಅರ್ಥವಾಯಿತು. ನನ್ನ ಹುಲ್ಲಿನ ಮನೆಗೆ "ಕೋಳಿ ಕ್ವಾರಂಟೈನು" ಅಂತ ಹೆಸರು ಬಿತ್ತು. ನಕ್ಕವರೇ ಬಂದು, "ನಮ್ಮ ನಾಕ್ ಮರಿಗೂ ಒಂದೊಂದ್ ಹನಿ ಬುಡಣ್ಣ" ಅಂದರು.

ಹಾಗೆ ಶುರುವಾದದ್ದು ಶನಿವಾರದ ಹನಿ. ನಾಟಿ ಕೋಳಿಯ ತೊಂದರೆ ಗೊತ್ತಲ್ಲ, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಹತ್ತು ಹನ್ನೆರಡು ಮರಿ ಒಡೆಯುತ್ತವೆ. ಅವಕ್ಕೋಸ್ಕರ ನೂರು ಡೋಸಿನ ಸೀಸೆ ಯಾರು ಒಡೆಯುತ್ತಾರೆ? 11 ಮನೆಯವರು ಸೇರಿ ಹೇಂಟೆಗಳನ್ನು ಒಂದೇ ವಾರದಲ್ಲಿ ಕಾವಿಗೆ ಕೂರಿಸುತ್ತೇವೆ. 21ನೇ ದಿನಕ್ಕೆ ಎಲ್ಲರ ಮನೆಯಲ್ಲೂ ಮರಿ, ಮುಂದಿನ ಶನಿವಾರ ನಮ್ಮ ಜಗಲಿಗೆ ಕುಕ್ಕೆಗಳ ಸಾಲು. ಲಸಿಕೆ ಸಿಕ್ಕರೆ ಆಸ್ಪತ್ರೆಯಿಂದ, ಇಲ್ಲದಿದ್ದರೆ ಅಂಗಡಿಯಿಂದ ನೂರು ನೂರೈವತ್ತಕ್ಕೆ ಒಂದು ಸೀಸೆ, ಮಗಳ ಹಳೇ ಸ್ಕೂಲ್ ಫ್ಲಾಸ್ಕಿನಲ್ಲಿ ಐಸು ತುಂಬಿ ತರುತ್ತೇನೆ. ಐಸು, ಬಸ್ ಚಾರ್ಜು ಎಲ್ಲ ಸೇರಿ ಮರಿಗೆ ಎರಡು ರೂಪಾಯಿ ತೆಗೆದುಕೊಳ್ಳುತ್ತೇನೆ, ನನಗೆ ಉಳಿಯುವುದು ಟೀ ಕಾಸು. ಉಳಿತಾಯ ಬೇರೆ ಕಡೆ ಇದೆ: ಪಕ್ಕದ ಮನೆಯ ಕೋಳಿ ಸಾಯದಿದ್ದರೆ ನನ್ನ ಬೇಲಿ ದಾಟಿ ರೋಗ ಬರಲ್ಲ.

2021ರಿಂದ ಈಚೆಗೆ ಹಬ್ಬಕ್ಕೆ ಪ್ರತಿ ವರ್ಷ ಇನ್ನೂರರ ಮೇಲೆ ಮಾರಿದ್ದೇನೆ. ಹಟ್ಟಿಗೆ ಕೊಕ್ಕರೆ ರೋಗ ಬಂದಿಲ್ಲ. ಹೋದ ವರ್ಷ ಪಕ್ಕದ ಊರಿನಲ್ಲಿ ಗೂಡುಗಳೇ ಖಾಲಿಯಾದಾಗ ವ್ಯಾಪಾರಿ ತಾನಾಗಿಯೇ ಹುಣಸೆಮರದ ಕೆಳಗೆ ಬಂದು ಕೂತ, ಕೆಜಿಗೆ ಐವತ್ತು ಜಾಸ್ತಿ ಕೊಟ್ಟು ಎತ್ತಿಕೊಂಡು ಹೋದ. ದೊಡ್ಡಪ್ಪ ಈಗಲೂ ಮಾರಮ್ಮನಿಗೆ ಹುಂಜ ಬಿಡುತ್ತಾರೆ, ಅದಕ್ಕೂ ಶನಿವಾರವೇ ಹನಿ ಹಾಕಿಸಿಕೊಂಡು ಹೋಗುತ್ತಾರೆ.

ಸಿಡುಬು ಮಾತ್ರ ಇನ್ನೂ ಬಗ್ಗಿಲ್ಲ. ಕಳೆದ ಮಳೆಗಾಲದಲ್ಲಿ 14 ಮರಿ ಕಣ್ಣು ಮುಚ್ಚಿಕೊಂಡು ಹೋದವು. ಅದು ಸೊಳ್ಳೆಯ ಕೆಲಸ. ಹಳೇ ಸೊಳ್ಳೆಪರದೆ ಹೊಲಿದು ಮರಿಗೂಡಿಗೆ ಕಟ್ಟಿದ್ದೇನೆ, ಹುಂಜಗಳು ಅದನ್ನೇ ಕುಕ್ಕಿ ಹರಿಯುತ್ತಿವೆ.