ಕಾರು ಕಿಣಿಗುಟ್ಟುತ್ತಿದೆಯೇ? ಮೊದಲು ಕೀ ಎಲ್ಲಿದೆ ನೋಡಿ

ಮನೆಯವರನ್ನು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಸಿ ಹೊರಟಾಗ ಕಾರು ಮೂರ್ನಾಲ್ಕು ಸಲ ಕಿಣಿಗುಟ್ಟಿತು. ಹಿಂದಿನ ಗಾಡಿಗಳ ಹಾರ್ನ್ ಗಲಾಟೆಯಲ್ಲಿ, ಯಾವುದೋ ಬಾಗಿಲು ಸರಿಯಾಗಿ ಕೂತಿಲ್ಲವೇನೋ ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ. ಹೆಬ್ಬಾಳದ ಹತ್ತಿರ ಬಂಕಿನಲ್ಲಿ ಪೆಟ್ರೋಲ್ ಹಾಕಿಸಲು ಎಂಜಿನ್ ಆರಿಸಿದ ಮೇಲೆ ಕಾರು ಮತ್ತೆ ಚಾಲೂ ಆಗಲಿಲ್ಲ. ಕೀ ಮನೆಯವರ ಜೇಬಿನಲ್ಲಿತ್ತು. ಮನೆಯವರು ಭದ್ರತಾ ತಪಾಸಣೆಯ ಸಾಲಿನಲ್ಲಿದ್ದರು.

ಬಟನ್ ಒತ್ತಿ ಚಾಲೂ ಮಾಡುವ ಕಾರು ಇಟ್ಟುಕೊಂಡವರಲ್ಲಿ ಅನೇಕರು ಈ ಸದ್ದನ್ನು ಕಂಪನಿಯವರು ಕೊಟ್ಟ ಕಿರಿಕಿರಿ ಎಂದೇ ಭಾವಿಸಿ, ಅದರ ತಂತಿ ಎಲ್ಲಿದೆ ಎಂದು ಮೆಕ್ಯಾನಿಕ್‌ನನ್ನು ಕೇಳುತ್ತಾರೆ. ನಿಜದಲ್ಲಿ ತಂತಿ ಕೀಳಬೇಕಾದ ಪ್ರಸಂಗ ಬರುವುದೇ ಇಲ್ಲ ಎನ್ನಬಹುದು. ಸದ್ದಿಗೆ ಕಾರಣವೇನೆಂದು ಗುರುತಿಸಿ ಅದನ್ನು ಸರಿಪಡಿಸಿದರೆ ಕಾರು ತಾನಾಗಿಯೇ ಸುಮ್ಮನಾಗುತ್ತದೆ.

ಸದ್ದು ಯಾವಾಗ ಬರುತ್ತದೆ?

ಕಿಣಿಗುಟ್ಟಿದ ಕೂಡಲೇ ಮೀಟರ್ ಬೋರ್ಡ್ ನೋಡುವುದು ಮೊದಲ ಕೆಲಸ. ಕೀಯ ಚಿತ್ರ, ಬಾಗಿಲ ಚಿತ್ರ, ಬೆಲ್ಟ್ ಕಟ್ಟಿದ ಮನುಷ್ಯನ ಚಿತ್ರ, ಇವುಗಳಲ್ಲಿ ಯಾವುದಾದರೂ ಒಂದು ಅಲ್ಲಿ ಸಾಮಾನ್ಯವಾಗಿ ಮಿನುಗುತ್ತಿರುತ್ತದೆ. ಚಿತ್ರ ಅರ್ಥವಾಗದಿದ್ದರೆ, ಬಾಗಿಲು ತೆರೆದಾಗ ಸದ್ದು ಬಂತೇ, ಬಟನ್ ಒತ್ತಿದಾಗಲೇ, ಇಲ್ಲವೇ ಓಡುತ್ತಿರುವಾಗಲೇ ಎಂಬುದನ್ನು ಗಮನಿಸಿ, ಕಾರಿನ ಜತೆ ಬಂದ ಕೈಪಿಡಿಯಲ್ಲಿ ಹುಡುಕಬೇಕು.

ಬಾಗಿಲು ತೆರೆದು ಮುಚ್ಚಿದಾಗ ಬರುವ ಸದ್ದು ಹೆಚ್ಚಾಗಿ ಕೀಗೆ ಸಂಬಂಧಿಸಿದ್ದು. ಕಾರಿನೊಳಗಿನ ಆಂಟೆನಾಗಳು ಕಡಿಮೆ ಕಂಪನಾಂಕದ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ಸಂಕೇತವನ್ನು ಕಳಿಸಿ ‘ಕೀ ಇದ್ದೀಯಾ?’ ಎಂದು ಕೇಳುತ್ತವೆ. ಹತ್ತಿರದಲ್ಲಿರುವ ಕೀ ರೇಡಿಯೊ ಸಂಕೇತದಲ್ಲಿ ಉತ್ತರ ಕೊಡುತ್ತದೆ. ಎಂಜಿನ್ ಓಡುತ್ತಿರುವಾಗ ಉತ್ತರ ಬರದಿದ್ದರೆ ಕಾರು ಎಂಜಿನ್ ನಿಲ್ಲಿಸುವಂತಿಲ್ಲ, ಏಕೆಂದರೆ ನಡುರಸ್ತೆಯಲ್ಲಿ ಹಾಗೆ ನಿಂತರೆ ಅಪಾಯ. ಆದ್ದರಿಂದ ಅದು ಕಿಣಿಗುಟ್ಟಿ ಹೇಳುತ್ತದೆ, ಅಷ್ಟೇ. ವಿಮಾನ ನಿಲ್ದಾಣದಲ್ಲಿ ನನ್ನ ಕಾರು ಹೇಳಿದ್ದೂ ಇದನ್ನೇ. ಎಂಜಿನ್ ಆರಿಸುವುದನ್ನೇ ಮರೆತು ಕೀ ಹಿಡಿದು ಇಳಿದು ಹೋದರೂ ಇದೇ ಸದ್ದು ಬರುತ್ತದೆ. ಮನೆಗೆ ಅಂಟಿಕೊಂಡೇ ಗ್ಯಾರೇಜ್ ಇರುವ ಅಮೆರಿಕದಲ್ಲಿ ಹೀಗೆ ಓಡುತ್ತಲೇ ಉಳಿದ ಕಾರುಗಳ ಕಾರ್ಬನ್ ಮೊನಾಕ್ಸೈಡ್ ಒಳಸೇರಿ ಜನ ಸತ್ತಿದ್ದಾರೆ. ಇಂಥ ಕಾರುಗಳ ಎಂಜಿನ್ ತಾನಾಗಿಯೇ ಆರುವಂತೆ ನಿಯಮ ರೂಪಿಸಬೇಕೆಂದು ಅಲ್ಲಿನ 2021ರ ಮೂಲಸೌಕರ್ಯ ಕಾಯ್ದೆಯಲ್ಲೇ ಸೇರಿಸಲಾಯಿತು.

ಕೀ ಒಳಗೇ ಇದ್ದರೂ ‘ಕೀ ಇಲ್ಲ’ ಎಂದು ತೋರಿಸಿದರೆ ಅದನ್ನು ಮೊಬೈಲಿನ ಪಕ್ಕದಿಂದ, ಅದರಲ್ಲೂ ವೈರ್‌ಲೆಸ್ ಚಾರ್ಜರ್ ಮೇಲಿಂದ, ಬೇರೆಡೆಗೆ ಇಟ್ಟು ನೋಡಿ. ಇಳಿದು ಲಾಕ್ ಮಾಡಲು ಹೋದಾಗ ಕಾರು ಲಾಕ್ ಆಗದೆ ಕೂಗಿದರೆ, ಎರಡನೆಯ ಕೀ ಹಿಂದಿನ ಸೀಟಿನ ಬ್ಯಾಗಿನಲ್ಲೋ ಡಿಕ್ಕಿಯಲ್ಲೋ ಉಳಿದಿರುವ ಸಾಧ್ಯತೆಯೇ ಹೆಚ್ಚು. ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಇನ್ನೊಂದು ಕಾರಣವೂ ಉಂಟು: ಗೇರನ್ನು ‘ಪಿ’ಗೆ ತರದೆ ಬಟನ್ ಒತ್ತಿದರೆ ಹಲವು ಕಾರುಗಳಲ್ಲಿ ಎಂಜಿನ್ ನಿಲ್ಲುತ್ತದೆಯೇ ಹೊರತು ವಿದ್ಯುತ್ ಪೂರ್ತಿ ಕಡಿಯುವುದಿಲ್ಲ. ಬ್ರೇಕ್ ತುಳಿದು, ‘ಪಿ’ಗೆ ತಂದು, ಬಟನ್ ಮತ್ತೊಮ್ಮೆ ಒತ್ತಿದರೆ ಸದ್ದು ನಿಲ್ಲುತ್ತದೆ.

ಕೀಯ ಸೆಲ್ ಬದಲಿಸುವುದು

ಕೀ ಎಲ್ಲಿಟ್ಟರೂ ಆಗಾಗ ಸದ್ದು ಬರುತ್ತಿದ್ದರೆ ಅದರ ಸೆಲ್ ಸೊರಗಿದೆ ಎಂದು ತಿಳಿಯಬೇಕು. ಇದನ್ನು ಮನೆಯಲ್ಲೇ ಐದು ನಿಮಿಷದಲ್ಲಿ ಬದಲಿಸಬಹುದು. ಕೀಯ ಅಂಚಿನ ಸಣ್ಣ ಗುಂಡಿಯನ್ನು ಸರಿಸಿ, ಒಳಗೆ ಅಡಗಿರುವ ಲೋಹದ ಕೀಯನ್ನು ಎಳೆದುಕೊಳ್ಳಿ. ಅದಿದ್ದ ಸಂದಿಯ ಬಳಿ ಒಂದು ಗೀರು ಕಾಣುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ತೆಳು ಬಟ್ಟೆ ಸುತ್ತಿ, ಆ ಗೀರಿಗೆ ತೂರಿಸಿ ಮೆಲ್ಲಗೆ ತಿರುಗಿಸಿದರೆ ಕವಚ ಎರಡು ಹೋಳಾಗುತ್ತದೆ. ಹಳೆಯ ಸೆಲ್ ತೆಗೆಯುವ ಮೊದಲು ಅದರ ‘+’ ಗುರುತು ಯಾವ ಕಡೆಗಿದೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ನಾನು ಮೊದಲ ಸಲ ತಿರುವುಮುರುವಾಗಿ ಹಾಕಿ, ಹೊಸ ಸೆಲ್ಲೇ ಕೆಟ್ಟಿದೆಯೆಂದು ಅಂಗಡಿಯವನೊಡನೆ ವಾದಕ್ಕಿಳಿದಿದ್ದೆ.

ಸೆಲ್ಲಿನ ಮೇಲಿನ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು. ಹೆಚ್ಚು ಬಳಕೆಯಲ್ಲಿರುವ ಸಿಆರ್ 2032 ಎಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪದ 3 ವೋಲ್ಟ್ ಸೆಲ್. ಸಿಆರ್ 2025 ಅಷ್ಟೇ ಅಗಲವಾಗಿದ್ದರೂ ದಪ್ಪ 2.5 ಮಿ.ಮೀ. ಮಾತ್ರ. 2032 ಇರಬೇಕಾದ ಕಡೆ ಅದನ್ನು ಹಾಕಿದರೆ ಕೂತಂತೆ ಕಂಡರೂ ಸಡಿಲವಾಗಿ, ಸದ್ದು ಮತ್ತೆ ಶುರುವಾಗುತ್ತದೆ. ಹೊಸದನ್ನು ಅಂಚಿನಲ್ಲಿ ಹಿಡಿದು ಕೂರಿಸಿ, ಎರಡು ಹೋಳುಗಳನ್ನು ‘ಟಕ್’ ಎನ್ನುವವರೆಗೆ ಒತ್ತಿ. ಹಳೆಯ ಸೆಲ್ ಮಕ್ಕಳ ಕೈಗೆ ಸಿಗದಿರಲಿ: ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಗಂಭೀರ ಸುಟ್ಟಗಾಯ ಮಾಡಬಲ್ಲದು.

ದಾರಿಯಲ್ಲಿ ಸೆಲ್ ಪೂರ್ತಿ ಸತ್ತರೆ ಲೋಹದ ಕೀಯಿಂದ ಬಾಗಿಲು ತೆರೆದು, ರಿಮೋಟನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಬಹಳಷ್ಟು ಕಾರುಗಳು ಚಾಲೂ ಆಗುತ್ತವೆ. ಕೆಲವು ಮಾದರಿಗಳಲ್ಲಿ ಇದಕ್ಕೆಂದೇ ಬೇರೆ ಜಾಗವಿದ್ದು, ಅದನ್ನು ಕೈಪಿಡಿಯಲ್ಲಿ ತೋರಿಸಿರುತ್ತಾರೆ.

ಬೆಲ್ಟ್ ಮತ್ತು ವೇಗದ ಸದ್ದು

ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದಿದ್ದರೂ ಬೆಲ್ಟಿನ ಸದ್ದು ಬರುವುದಕ್ಕೆ ಕಾರಣ ಸೀಟಿನೊಳಗಿನ ಭಾರದ ಸಂವೇದಕ. ತರಕಾರಿ ಚೀಲವನ್ನೋ ಹಲಸಿನ ಹಣ್ಣನ್ನೋ ಅಲ್ಲಿಟ್ಟರೆ ಅದು ಮನುಷ್ಯನೆಂದೇ ಲೆಕ್ಕ ಹಾಕುತ್ತದೆ. ಸಾಮಾನನ್ನು ಕೆಳಗಿಟ್ಟರೆ ಆಯಿತು. ಸೀಟಿನಡಿಯ ಕನೆಕ್ಟರ್ ಕಿತ್ತರೆ ಸಾಕು ಎಂಬ ಸಲಹೆಯನ್ನು ಮಾತ್ರ ಕೇಳಬೇಡಿ. ಅಲ್ಲಿ ಹಳದಿ ಬಣ್ಣದ್ದು ಸಾಮಾನ್ಯವಾಗಿ ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದ್ದು.

ಬೆಲ್ಟ್ ಕಟ್ಟದೆಯೇ ಸದ್ದು ನಿಲ್ಲಿಸಲೆಂದು ಬಕಲಿಗೆ ಸಿಕ್ಕಿಸುವ ಲೋಹದ ಕ್ಲಿಪ್ಪುಗಳು ಒಂದು ಕಾಲದಲ್ಲಿ ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ಮೇ ತಿಂಗಳಲ್ಲಿ ಐದು ಇ-ವಾಣಿಜ್ಯ ಸಂಸ್ಥೆಗಳಿಗೆ ಅವುಗಳ ಮಾರಾಟ ನಿಲ್ಲಿಸುವಂತೆ ಆದೇಶಿಸಿತು. ಬೆಲ್ಟ್ ಕಟ್ಟದಿದ್ದರೆ 1,000 ರೂಪಾಯಿ ದಂಡ ಬೇರೆ ಇದೆ.

ಗಂಟೆಗೆ 80 ಕಿ.ಮೀ. ದಾಟಿದಾಗ ಆಗಾಗ, 120 ದಾಟಿದರೆ ಎಡೆಬಿಡದೆ ಬರುವ ಸದ್ದು ಎಐಎಸ್-145 ಎಂಬ ಮಾನದಂಡದಿಂದ ಬಂದದ್ದು. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಅದು ಕಡ್ಡಾಯ. 100 ಕಿ.ಮೀ. ವೇಗಮಿತಿಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 90ರಲ್ಲಿ ಹೋಗುವವರಿಗೂ ಇದು ಕಿರಿಕಿರಿಯೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಆರಿಸಲು ಕಾನೂನುಬದ್ಧ ದಾರಿಯಿಲ್ಲ. ಪರದೆಯ ವಾಹನ ಸೆಟ್ಟಿಂಗ್ಸ್‌ನಲ್ಲಿ ನೀವು ಬದಲಿಸಬಹುದಾದದ್ದು ಹೆಚ್ಚೆಂದರೆ ಸ್ವಾಗತದ ಸದ್ದು, ಪಾರ್ಕಿಂಗ್ ಸೆನ್ಸರಿನ ಜೋರು, ನೀವಾಗಿಯೇ ಗೊತ್ತುಪಡಿಸಿಕೊಂಡ ವೇಗದ ಎಚ್ಚರಿಕೆ, ಇಂಥವು.

ಇಷ್ಟೆಲ್ಲ ನೋಡಿದ ಮೇಲೂ ಸದ್ದು ನಿಲ್ಲದಿದ್ದರೆ ಬಾಗಿಲಿನ ಸ್ವಿಚ್ಚೋ ಬೆಲ್ಟಿನ ಬಕಲ್ಲೋ ಕೆಟ್ಟಿರಬಹುದು. ಅದು ಸರ್ವಿಸ್ ಸೆಂಟರಿನವರ ಕೆಲಸ. ಹೋಗುವ ಮುನ್ನ, ಕಾರು ನಿಂತಿರುವಾಗ, ಸದ್ದು ಬರುತ್ತಿದ್ದಂತೆಯೇ ಮೀಟರ್ ಬೋರ್ಡಿನ ವಿಡಿಯೊ ಮಾಡಿಟ್ಟುಕೊಳ್ಳಿ, ಏಕೆಂದರೆ ಅಲ್ಲಿಯ ಹುಡುಗರು ಬಂದು ನೋಡುವ ಹೊತ್ತಿಗೆ ಕಾರು ಖಂಡಿತ ಬಾಯಿ ಬಿಡುವುದಿಲ್ಲ.