ಸ್ಪೋರ್ಟ್ಸ್ ಕಾರಿಗೆ ಹೊಸ ಬ್ರೇಕ್ ಪ್ಯಾಡ್ ಆರಿಸುವ ಬಗೆ

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಇಳಿಯುವಾಗ ತಿರುವಿನ ಮೇಲೆ ತಿರುವು ಬರುವುದರಿಂದ, ತಣಿಯಲು ಬಿಡುವೇ ಸಿಗದೆ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡುಗಳು ಕಾಯುತ್ತ ಹೋಗುತ್ತವೆ. ಆದ್ದರಿಂದ ಬೆಲೆಗಿಂತ ಮೊದಲು, ಪ್ಯಾಡು ಎಷ್ಟು ಶಾಖದವರೆಗೆ ಹಿಡಿತ ಉಳಿಸಿಕೊಳ್ಳುತ್ತದೆ ಎಂಬುದನ್ನು ವಿಚಾರಿಸಬೇಕು.

ಸಾವಯವ (ನಾರು, ರಾಳ ಮುಂತಾದವುಗಳಿಂದ ಮಾಡಿದ) ಪ್ಯಾಡುಗಳು ಮೆತ್ತಗೆ, ಸದ್ದಿಲ್ಲದೆ ಕೆಲಸ ಮಾಡಿದರೂ ಹೆಚ್ಚು ಕಾದಾಗ ಬೇಗ ಸೋಲುತ್ತವೆ. ಸೆರಾಮಿಕ್ ಪ್ಯಾಡುಗಳು ಧೂಳು ಕಡಿಮೆ ಉದುರಿಸುತ್ತವೆ. ಊರೊಳಗಿನ ಓಡಾಟಕ್ಕೆ ಅವು ಸಾಕು. ಘಟ್ಟದಲ್ಲಿ ಚುರುಕಾಗಿ ಓಡಿಸುವವರಿಗೆ ನನ್ನ ಆಯ್ಕೆ ಉತ್ತಮ ದರ್ಜೆಯ, ಲೋಹದ ಚೂರು ಬೆರೆಸಿದ ಸೆಮಿ-ಮೆಟಾಲಿಕ್ ಪ್ಯಾಡು; ಸ್ವಲ್ಪ ಸದ್ದು, ಧೂಳು ಮತ್ತು ಡಿಸ್ಕಿನ ಸವೆತವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ರೇಸಿನ ಪ್ಯಾಡುಗಳನ್ನು ಮಾತ್ರ ದಯವಿಟ್ಟು ರಸ್ತೆಗೆ ತರಬೇಡಿ: ಅವು ಕಾದ ಮೇಲೆಯೇ ಸರಿಯಾಗಿ ಹಿಡಿಯುವುದರಿಂದ, ಬೆಳಗಾವಿಯ ಮಳೆಗಾಲದ ತಂಪು ಮುಂಜಾವಿನಲ್ಲಿ ಮೊದಲ ಸಿಗ್ನಲ್ಲೇ ಅಪಾಯಕಾರಿಯಾಗಬಹುದು.

ಅನೇಕ ಪ್ಯಾಡುಗಳ ಅಂಚಿನಲ್ಲಿ ‘ಎಫ್‌ಎಫ್’, ‘ಜಿಜಿ’ ಮುಂತಾದ ಎರಡಕ್ಷರದ ಗುರುತು ಇರುತ್ತದೆ. ಮೊದಲ ಅಕ್ಷರ ಸಾಮಾನ್ಯ ಸ್ಥಿತಿಯ, ಎರಡನೆಯ ಅಕ್ಷರ ಕಾದ ಸ್ಥಿತಿಯ ಘರ್ಷಣೆಯನ್ನು ಸೂಚಿಸುತ್ತದೆ. ‘ಎಫ್’ ಎಂದರೆ 0.35ರಿಂದ 0.45ರ ಘರ್ಷಣಾಂಕ (ಹಿಡಿತದ ಅಳತೆ; ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು). ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳದರ್ಜೆಯದಾಗಿದ್ದರೆ (ಉದಾಹರಣೆಗೆ ‘ಎಫ್‌ಇ’), ಕಾದಂತೆ ಹಿಡಿತ ಕುಗ್ಗುತ್ತದೆ ಎಂದರ್ಥ.

ಕಾರ್ಬನ್-ಸೆರಾಮಿಕ್ ಡಿಸ್ಕಿಗೆ ಅದಕ್ಕೆಂದೇ ತಯಾರಾದ ಪ್ಯಾಡು ಬೇಕು. ಒಂದೇ ಆಕ್ಸಲ್‌ನ ಎರಡೂ ಬದಿಯ ಪ್ಯಾಡುಗಳನ್ನು ಒಟ್ಟಿಗೇ ಬದಲಿಸಿ, ಡಿಸ್ಕಿನ ದಪ್ಪ ಅದರ ಮೇಲೆ ಕೊರೆದ ಕನಿಷ್ಠ ಅಳತೆಗಿಂತ ಇಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಳವಡಿಸಿದ ಬಳಿಕ, ತಯಾರಕರ ಸೂಚನೆಯಂತೆ ಖಾಲಿ ರಸ್ತೆಯಲ್ಲಿ ಪ್ಯಾಡುಗಳನ್ನು ಪಳಗಿಸಿದ (ಹಲವು ಬಾರಿ ಬ್ರೇಕ್ ಒತ್ತಿ ಡಿಸ್ಕಿಗೆ ಹೊಂದಿಸಿದ) ನಂತರವೇ ಘಟ್ಟಕ್ಕೆ ಹೊರಡಿ.