18 ವರ್ಷದ ಬ್ಲಾಗನ್ನು ನಾನು ಉಳಿಸಿಕೊಂಡಿದ್ದು ಹೀಗೆ

2007ರಲ್ಲಿ ನಾನು ಬ್ಲಾಗ್ ಶುರು ಮಾಡಿದೆ. ಮದುವೆಯಾಗಿ ಶಿರಸಿ ಕಡೆಯಿಂದ ಬೆಂಗಳೂರಿಗೆ ಬಂದ ಹೊಸತು. ಆಯಿ, ಅಂದರೆ ನನ್ನ ಅಮ್ಮ, ಫೋನಿನಲ್ಲಿ ಅಡುಗೆ ಹೇಳುತ್ತಿದ್ದಳು, ನಾನು ‘ಬರಹ’ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಗೂಗಲ್‌ನ ಉಚಿತ ಬ್ಲಾಗ್ ತಾಣ ಬ್ಲಾಗರ್‌ಗೆ ಹಾಕುತ್ತಿದ್ದೆ. ತಂಬುಳಿ, ಅಪ್ಪೆಹುಳಿ, ಕಳಲೆ (ಎಳೆ ಬಿದಿರು) ಪಲ್ಯ. ಆಗ ಬರುತ್ತಿದ್ದ ಮೊದಲ ಕಮೆಂಟೇ “ಬರೀ ಡಬ್ಬಿ ಡಬ್ಬಿ ಕಾಣ್ತಿದೆ” ಅಂತ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಮೂಡಬೇಕಾದರೆ ಸಿಡಿ ಹಾಕಿ ಭಾಷೆಯ ಬೆಂಬಲ ಸೇರಿಸಿಕೊಳ್ಳಬೇಕಿತ್ತು. ಅದು ಹೇಗೆ ಅಂತ ಎಷ್ಟು ಜನರಿಗೆ ಮೇಲ್ ಬರೆದಿದ್ದೇನೋ ಲೆಕ್ಕವಿಲ್ಲ. ಅಷ್ಟು ಕಷ್ಟಪಟ್ಟು ಓದುತ್ತಿದ್ದರು ಜನ!

ಆಮೇಲೆ ಒಂದರ ಹಿಂದೆ ಒಂದು ಬದಲಾವಣೆ. ಬೇರೆ ಬೇರೆ ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಿತು. ನನ್ನ ಓದುಗರಲ್ಲಿ ಜಾಸ್ತಿ ಜನ ಅದರಲ್ಲೇ ಓದುತ್ತಿದ್ದವರು. ಅವರು ಚದುರಿ ಹೋದರು. ಬರೆಯುವವರೂ ಸೋಷಿಯಲ್ ಮೀಡಿಯಾಗೆ ಹೋದರು, ನಾನೂ ಹೋದೆ. ಲೈಕ್ ಬರುತ್ತಿತ್ತು, ಖುಷಿಯೂ ಆಗುತ್ತಿತ್ತು. ಆದರೆ ಎರಡು ವರ್ಷದ ಹಿಂದೆ ಹಾಕಿದ್ದ ಒಂದು ಉಪ್ಪಿನಕಾಯಿ ಅಳತೆ ಹುಡುಕೋಕೆ ಹೋದರೆ ನನಗೇ ಸಿಗಲಿಲ್ಲ. ಬ್ಲಾಗಿನಲ್ಲಿದ್ದರೆ ಅರೆ ನಿಮಿಷದ ಕೆಲಸ.

ನಿಜವಾದ ಪೆಟ್ಟು ಬಿದ್ದಿದ್ದು ಫೋಟೊಗಳಿಗೆ. ಮೊದಲ ಆರು ವರ್ಷ ಚಿತ್ರಗಳನ್ನೆಲ್ಲ ಒಂದು ಉಚಿತ ತಾಣದಲ್ಲಿಟ್ಟು, ಬ್ಲಾಗಿನಲ್ಲಿ ಕೊಂಡಿ ಮಾತ್ರ ಕೊಟ್ಟಿದ್ದೆ. ಒಂದು ದಿನ ಅವರು ನಿಯಮ ಬದಲಿಸಿದರು. ಬೆಳಗ್ಗೆ ನೋಡಿದರೆ 140 ಬರಹಗಳಲ್ಲಿ ಚಿತ್ರವಿದ್ದ ಜಾಗದಲ್ಲಿ ಬೂದು ಚೌಕ. ನನ್ನ ಹಳೇ ಕಂಪ್ಯೂಟರ್ ಆಗಲೇ ಗುಜರಿಗೆ ಹೋಗಿತ್ತು. ಒಲೆ ಮುಂದೆ ಕೂತು ಕಡಗೋಲು ಹಿಡಿದ ಆಯಿಯ ಚಿತ್ರವೂ ಹೋಯಿತು. ಆವತ್ತು ಅತ್ತಿದ್ದೇನೆ.

2020ರಲ್ಲಿ ಇನ್ನೊಂದು ಸುದ್ದಿ ಓದಿದೆ. ಬ್ಲಾಗರ್ ಉಚಿತವಾಗಿ ಕೊಡುವ ಬ್ಲಾಗ್‌ಸ್ಪಾಟ್ ವಿಳಾಸದ ಭಾರತದ ರೂಪ, ಬ್ಲಾಗ್‌ಸ್ಪಾಟ್ ಡಾಟ್ ಇನ್, ಗೂಗಲ್ ಕೈ ತಪ್ಪಿ, ಆ ರೂಪದಲ್ಲಿ ಹಂಚಿಕೊಂಡಿದ್ದ ಕೊಂಡಿಗಳೆಲ್ಲ ಸತ್ತುಹೋಗಿದ್ದವು. ನನ್ನ ಕೊಂಡಿಗಳು ಡಾಟ್ ಕಾಮ್ ರೂಪದಲ್ಲಿದ್ದವು, ಹಾಗಾಗಿ ಬಚಾವಾದೆ. ಆದರೂ ಆವತ್ತು ರಾತ್ರಿಯೇ ಗಟ್ಟಿ ಮಾಡಿಕೊಂಡೆ: ಇನ್ನು ಮೇಲೆ ವಿಳಾಸ ನನ್ನ ಹೆಸರಿನಲ್ಲಿರಬೇಕು, ಬರೆದಿದ್ದರ ಪ್ರತಿ ನನ್ನ ಮನೆಯಲ್ಲಿರಬೇಕು.

ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಒಂದು ಡೊಮೈನ್, ಅಂದರೆ ನನ್ನದೇ ಜಾಲವಿಳಾಸ, ಕೊಂಡೆ. ಮೊದಲ ವರ್ಷದ ಕಡಿಮೆ ಬೆಲೆ ನೋಡಿ ಮಾರುಹೋಗಬೇಡಿ, ನವೀಕರಣದ ಬೆಲೆ ನೋಡಿ ಕೊಳ್ಳಿ. ಬ್ಲಾಗರ್ ಬಿಡಲಿಲ್ಲ, ವಿಳಾಸ ಮಾತ್ರ ಬದಲಿಸಿದೆ. ಡೊಮೈನ್ ಕೊಟ್ಟವರ ಪುಟದಲ್ಲಿ ಸಿನೇಮ್ (CNAME) ಅನ್ನೋ ದಾಖಲೆ ಎರಡು ಸೇರಿಸಬೇಕು. ಒಂದು ಬ್ಲಾಗನ್ನು ತೋರಿಸೋದಕ್ಕೆ, ಇನ್ನೊಂದು ಡೊಮೈನ್ ನಮ್ಮದೇ ಅಂತ ಸಾಬೀತು ಮಾಡೋದಕ್ಕೆ. ಎರಡನೆಯದರಲ್ಲಿ ಒಂದು ಅಕ್ಷರ ತಪ್ಪಿ ನನಗೆ ಇಡೀ ಭಾನುವಾರ ಹೋಯಿತು. ಟೈಪ್ ಮಾಡಬೇಡಿ, ಕಾಪಿ ಮಾಡಿ ಅಂಟಿಸಿ. ಆಮೇಲೆ ಬ್ಲಾಗಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಎಚ್‌ಟಿಟಿಪಿಎಸ್ ಆನ್ ಮಾಡಿದರೆ ಆಯಿತು. ಹಳೇ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಬಂದವರು ತಾವಾಗಿಯೇ ಹೊಸದಕ್ಕೆ ಬರುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು, ಬಿಡಿಸಿಯೇ ಹೇಳುತ್ತೇನೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಆ ಬರಹದ ವಿಳಾಸಕ್ಕೆ ‘ಬ್ಲಾಗ್ ಪೋಸ್ಟ್’ ಅಂತ ಹೆಸರಿಟ್ಟು ಮುಂದೆ ಒಂದು ಸಂಖ್ಯೆ ಹಾಕುತ್ತದೆ. ತಂಬುಳಿಗೂ ಅದೇ, ಕಳಲೆಗೂ ಅದೇ. ಇನ್ನೊಂದು ಬ್ಲಾಗ್ ವ್ಯವಸ್ಥೆ ವರ್ಡ್‌ಪ್ರೆಸ್ ಕನ್ನಡ ಅಕ್ಷರಗಳನ್ನೇ ವಿಳಾಸದಲ್ಲಿ ಇಟ್ಟುಕೊಳ್ಳುತ್ತದೆ, ಆದರೆ ಅದನ್ನು ಕಾಪಿ ಮಾಡಿ ವಾಟ್ಸ್ಯಾಪಿಗೆ ಅಂಟಿಸಿ ನೋಡಿ. ‘ಕನ್ನಡ’ ಅನ್ನೋ ಪುಟ್ಟ ಪದಕ್ಕೆ, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ, ಐದು ಸಂಕೇತ: ಕ, ನ, ಒತ್ತಿನ ಗುರುತು, ನ, ಡ. ವಿಳಾಸದಲ್ಲಿ ಒಂದೊಂದೂ ಶೇಕಡಾ ಗುರುತು ಸೇರಿದ ಒಂಬತ್ತು ಚಿಹ್ನೆಯಾಗಿ ಒಟ್ಟು 45 ಆಗುತ್ತದೆ. ಉದ್ದದ ಶೀರ್ಷಿಕೆಯಾದರೆ ಅರ್ಧ ಪರದೆ ತುಂಬ ಶೇಕಡಾ ಗುರುತು. ಅದನ್ನು ನೋಡಿ ವೈರಸ್ ಇರಬಹುದು ಅಂತ ನನ್ನ ಅತ್ತಿಗೆಯೇ ಒತ್ತಿರಲಿಲ್ಲ. ಹಾಗಾಗಿ ಈಗ ಪ್ರಕಟಿಸೋಕೆ ಮೊದಲು ವಿಳಾಸವನ್ನು ನಾನೇ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡುತ್ತೇನೆ. ಹಳೆಯವನ್ನು ಮುಟ್ಟಲಿಲ್ಲ. ಮುಟ್ಟಿದರೆ ಬೇರೆಯವರು ಎಲ್ಲೆಲ್ಲೋ ಕೊಟ್ಟ ಕೊಂಡಿಗಳು ಒಡೆದುಹೋಗುತ್ತವೆ.

ಪ್ರತಿ ತಿಂಗಳು ಮೊದಲ ಭಾನುವಾರ ಬ್ಯಾಕಪ್. ಬ್ಲಾಗಿನ ಪ್ರತಿಯ ಫೈಲನ್ನು ಇಳಿಸಿಕೊಳ್ಳುವ ದಾರಿ ಬ್ಲಾಗರ್ ಸೆಟ್ಟಿಂಗ್ಸ್‌ನಲ್ಲಿದೆ. ಅದರಲ್ಲಿ ಬರಹವಿರುತ್ತದೆ, ಕಮೆಂಟೂ ಇರುತ್ತದೆ. ಚಿತ್ರಗಳನ್ನು ನಾನು ಬೇರೆಯಾಗಿಯೂ ಉಳಿಸುತ್ತೇನೆ. ಈ ಕಮೆಂಟಿನ ಬೆಲೆ ನನಗೆ ಗೊತ್ತಾಗಿದ್ದು ಎರಡು ವರ್ಷದ ಹಿಂದೆ. ಅಮೆರಿಕದಿಂದ ಒಬ್ಬ ಹುಡುಗಿ ಬರೆದಳು. “ಅಕ್ಕಾ, ಅಮ್ಮ ತೀರಿಕೊಂಡಳು. ಅವಳು ನಿಮ್ಮ ಬ್ಲಾಗಿನಲ್ಲಿ ಏನೋ ಬರೆದಿದ್ದೆ ಅಂತ ಹೇಳ್ತಿದ್ದಳು, ಸಿಗಬಹುದಾ?” ಫೈಲ್ ತೆರೆದು ಅಮ್ಮನ ಹೆಸರು ಹುಡುಕಿದೆ. 2009, ಒಂದೆಲಗದ ತಂಬುಳಿ ಬರಹದ ಕೆಳಗೆ ಏಳು ಸಾಲು. ‘ನಮ್ಮಲ್ಲಿ ಕಾಳುಮೆಣಸು ನಾಲ್ಕು ಜಾಸ್ತಿ ಹಾಕ್ತೇವೆ, ಮಗಳಿಗೆ ಖಾರ ಇಷ್ಟ’ ಅಂತ. ಹಾಗೇ ಕಳಿಸಿದೆ.

ಓದುಗರನ್ನು ತಲುಪೋಕೆ ಈಗ ನನಗೆ ಇ-ಮೇಲ್ ಒಂದೇ ಸಾಕು. ಹೊಸ ಬರಹ ಹಾಕಿದ ದಿನ 230 ಜನರಿಗೆ ಒಂದು ಪತ್ರ ಹೋಗುತ್ತದೆ. ಆ ಮೇಲ್ ಪಟ್ಟಿಯ ಪ್ರತಿಯೂ ನನ್ನ ಹತ್ತಿರ ಇದೆ. ಮೇಲ್ ಕಳಿಸುವ ಸೇವೆ ನಾಳೆ ನಿಂತರೆ ಪಟ್ಟಿ ಎತ್ತಿಕೊಂಡು ಬೇರೆಡೆ ಹೋಗಬಹುದು. ವಾಟ್ಸ್ಯಾಪ್ ಚಾನೆಲ್ 2023ರಲ್ಲಿ ಬಂದಾಗ ಎಲ್ಲರೂ ಅದಕ್ಕೆ ಬಾ ಅಂದರು. ಕೊಂಡಿ ಹಾಕೋಕೆ ಮಾತ್ರ ಬಳಸುತ್ತೇನೆ, ಬರಹವನ್ನು ಅಲ್ಲಿಡೋದಿಲ್ಲ. ಗೂಗಲ್ ರೀಡರ್ ತರಹದ ಫೀಡ್ ರೀಡರ್ ಬಳಸುವವರು ಈಗಲೂ ಇದ್ದಾರೆ, ಕಡಿಮೆ ಜನ, ಆದರೆ ಪ್ರತಿಯೊಂದನ್ನೂ ಓದುವವರು. ಅವುಗಳಿಗೆ ಹೊಸ ಬರಹ ತಲುಪಿಸುವ ನಿಮ್ಮ ಬ್ಲಾಗಿನ ಫೀಡ್ ಮುಚ್ಚಬೇಡಿ.

ಈಗಿನ ದೊಡ್ಡ ಸುದ್ದಿ ಎಐ. 2024ರ ಆಗಸ್ಟ್‌ನಲ್ಲಿ ಭಾರತದಲ್ಲಿ ಗೂಗಲ್ ಹುಡುಕಾಟದ ಮೇಲೆಯೇ ಎಐ ಸಾರಾಂಶ ಬರತೊಡಗಿತು, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಉತ್ತರ ಅಲ್ಲೇ ಸಿಕ್ಕರೆ ಯಾರು ಬ್ಲಾಗಿಗೆ ಬರುತ್ತಾರೆ ಅನ್ನೋ ಭಯ ಎಲ್ಲ ಬ್ಲಾಗರುಗಳಿಗೂ ಇದೆ, ನನಗೂ ಇದೆ. ಆದರೆ ಮೊನ್ನೆ ಒಬ್ಬರು ಒಂದು ಎಐ ಕೊಟ್ಟ ತಂಬುಳಿ ವಿಧಾನ ಕಳಿಸಿ “ಇದು ಸರೀನಾ?” ಅಂತ ಕೇಳಿದರು. ಒಂದೆಲಗದ ಎಲೆ ದಪ್ಪ, ಮೇಲೆ ರೋಮ ಇರುತ್ತದೆ ಅಂತ ಅದರಲ್ಲಿತ್ತು. ಅದು ದೊಡ್ಡಪತ್ರೆ! ಒಂದೆಲಗ ತೋಟದ ಕಾಲುವೆ ಅಂಚಿನಲ್ಲಿ ನೆಲಕ್ಕೆ ಹಬ್ಬುತ್ತದೆ, ತೆಳು ಎಲೆ, ದುಂಡಗೆ. ಅರೆದ ಮೇಲೆ ಕುದಿಸಿ ಅಂತ ಬೇರೆ ಬರೆದಿತ್ತು. ತಂಬುಳಿ ಕುದಿಸ್ತಾರಾ ಯಾರಾದರೂ? ಆವತ್ತಿನಿಂದ ಪ್ರತಿ ಅಡುಗೆಗೂ ಸೊಪ್ಪು ಎಲ್ಲಿ ಬೆಳೆಯುತ್ತದೆ, ಹೇಗೆ ಗುರುತಿಸೋದು, ಆಯಿ ಎಲ್ಲಿ ಬೈದಳು ಅನ್ನೋದನ್ನೂ ಬರೆಯುತ್ತಿದ್ದೇನೆ. ಬರಹ ಉದ್ದವಾಯಿತು. ಕಮೆಂಟೂ ಜಾಸ್ತಿಯಾಗಿವೆ.

ಆ 140 ಬೂದು ಚೌಕಗಳನ್ನು ಒಂದೊಂದಾಗಿ ತುಂಬುತ್ತಿದ್ದೇನೆ. ಊರಿಗೆ ಹೋದಾಗಲೆಲ್ಲ ಅದೇ ಅಡುಗೆ ಮತ್ತೆ ಮಾಡಿಸಿ ಫೋಟೊ ತೆಗೆಯೋದು. “ಎಷ್ಟು ಸಲ ಮಾಡ್ಸ್ತೆ ಮಾರಾಯ್ತಿ” ಅನ್ನುತ್ತಲೇ ಆಯಿ ಹೊಸ ಸೀರೆ ಉಟ್ಟು ಬರುತ್ತಾಳೆ. ಇನ್ನು 31 ಬಾಕಿ. ಕಳಲೆ ಮಳೆಗಾಲಕ್ಕೆ ಮಾತ್ರ ಸಿಗೋದು, ಅದನ್ನು ಮೂರು ದಿನ ನೀರು ಬದಲಿಸುತ್ತ ನೆನೆಸಬೇಕು. ಹಾಗಾಗಿ ಆಷಾಢಕ್ಕೆ ಒಂದು ವಾರ ರಜೆ ಕೇಳಿದ್ದೇನೆ.